ಮರ್ಸಿ ಬಟನ್ ಒತ್ತಿದವರು, ಒತ್ತದವರು

ಮೈಸೂರಿನಲ್ಲಿ ಗೇಮ್ ಆಡುವ ಹುಚ್ಚಿನವರು ಒಂದಿಷ್ಟು ಜನ ಸೇರಿದ್ದ ಸಣ್ಣ ಕೂಟದಲ್ಲಿ ಆಡಿದ ಮಾತುಗಳಿವು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷವನ್ನೂ ನನ್ನ "ಅದೂ, ಏನಂದ್ರೆ"ಗಳನ್ನೂ ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ ಕೇಳಿಬಿಡ್ತೀನಿ. ಇಲ್ಲಿ ಚೌಕಾಬಾರ ಆಡಿದವರು ಎಷ್ಟು ಜನ ಇದ್ದೀರಿ? ಓ, ಸುಮಾರು ಜನ ಇದ್ದೀರಲ್ಲ, ಒಳ್ಳೇದಾಯ್ತು. ಹಾಗಾದರೆ ನಿಮಗೆ ಆ ನಿಯಮ ಗೊತ್ತಿರುತ್ತೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಕವಡೆ ಎಷ್ಟೇ ಚೆನ್ನಾಗಿ ಬೀಳಲಿ, ಹೊಡೆಯದವನ ಕಾಯಿ ಹಣ್ಣಾಗಲ್ಲ. ನಮ್ಮಜ್ಜಿ ಮೊಮ್ಮಕ್ಕಳ ಜೊತೆ ಆಡಲು ಕೂತರೆ ಪ್ರತಿ ಸಲ ಇದೇ ಗೋಳು. ನಮ್ಮ ಕಾಯಿ ಹೊಡೆಯಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಹೊರಸುತ್ತಿನಲ್ಲೇ ಗಿರಗಿರ ಸುತ್ತುತ್ತಾ ಇರೋರು. ನಾವು ನಾಲ್ಕೂ ಕಾಯಿ ಹಣ್ಣು ಮಾಡಿಕೊಂಡು ಎದ್ದು ಹೋದಮೇಲೂ ಅವರ ಕಾಯಿ ಅಲ್ಲೇ ಇರುತ್ತಿತ್ತು.

ನಾನಿವತ್ತು ಮಾತಾಡೋದು ನಮ್ಮಜ್ಜಿಯ ಥರ ಆಡಿದರೂ ಒಳಮನೆ ತಲುಪಬಹುದಾದ ಒಂದು ಗೇಮ್ ಬಗ್ಗೆ. ಅದಕ್ಕಿಂತ ಜಾಸ್ತಿ, ಆ ಗೇಮ್ ಆಡಿದವರು ಏನೇನು ರಂಪ ಮಾಡಿದರು ಅನ್ನೋದರ ಬಗ್ಗೆ.

ಅಂಡರ್‌ಟೇಲ್. 2015ರ ಸೆಪ್ಟೆಂಬರ್ 15ಕ್ಕೆ ಬಂತು. ಅಮೆರಿಕದ ಟೋಬಿ ಫಾಕ್ಸ್ ಕಥೆ, ಸಂಗೀತ, ಪ್ರೋಗ್ರಾಮಿಂಗ್ ಎಲ್ಲವನ್ನೂ ಬಹುಪಾಲು ಒಬ್ಬನೇ ಕೂತು ಮಾಡಿದ. ಚಿತ್ರದ ಕೆಲಸದಲ್ಲಿ ಟೆಮ್ಮಿ ಚಾಂಗ್ ಜೊತೆಯಾದರು. 2013ರಲ್ಲಿ ಜನರಿಂದ ದುಡ್ಡು ಎತ್ತುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದ್ದು ಬರೀ 5,000 ಡಾಲರ್, ಬಂದದ್ದು 51,000ಕ್ಕೂ ಜಾಸ್ತಿ. ನೋಡಲು 90ರ ದಶಕದ ಸೂಪರ್ ನಿಂಟೆಂಡೊ ಕಾಲದ ಗೇಮ್ ಥರ ಇದೆ. ದಪ್ಪ ದಪ್ಪ ಪಿಕ್ಸೆಲ್, ಕಪ್ಪು ಹಿನ್ನೆಲೆ, ಟಕಟಕ ಅಂತ ಒಂದೊಂದೇ ಅಕ್ಷರ ಮೂಡುವ ಮಾತು. ಮೊದಲ ಸಲ ನೋಡಿದಾಗ ನಾನೂ "ಇದಕ್ಯಾಕೆ ಇಷ್ಟು ಗಲಾಟೆ" ಅಂದುಕೊಂಡೆ.

ಗಲಾಟೆ ಇರೋದು ಯುದ್ಧದಲ್ಲಿ. ಹಳೇ ಆರ್‌ಪಿಜಿ (ಒಂದು ಪಾತ್ರವಾಗಿ ಆಡುತ್ತಾ ಅದನ್ನು ಬೆಳೆಸುವ ಗೇಮ್) ಆಡಿದವರಿಗೆ ಯುದ್ಧದ ಲೆಕ್ಕ ಬಾಯಿಪಾಠ. ದಾರೀಲಿ ಹೋಗ್ತಾ ಇರ್ತೀರಿ, ಏನೋ ಒಂದು ಅಡ್ಡ ಬರುತ್ತೆ, ಹೊಡೀತೀರಿ, ಅದೂ ಹೊಡೆಯುತ್ತೆ, ಸಾಯಿಸ್ತೀರಿ, ಎಕ್ಸ್‌ಪಿ ಅಂದರೆ ಅನುಭವದ ಅಂಕ ಬರುತ್ತೆ, ಲೆವೆಲ್ ಏರುತ್ತೆ, ಮುಂದೆ. ಅಂಡರ್‌ಟೇಲ್‌ನಲ್ಲಿ ತೆರೆಯ ಕೆಳಗೆ ನಾಲ್ಕು ಬಟನ್ ಇವೆ: ಫೈಟ್, ಆಕ್ಟ್, ಐಟಂ, ಮರ್ಸಿ. ಆಕ್ಟ್ ಒತ್ತಿದರೆ ಎದುರಿಗಿರುವ ಜೀವಿಯ ಜೊತೆ ಏನಾದರೂ ಮಾಡಬಹುದು. ಹೊಗಳಬಹುದು, ರೇಗಿಸಬಹುದು, ತಲೆ ಸವರಬಹುದು. ಸರಿಯಾದದ್ದು ಮಾಡಿದರೆ ಅದರ ಹೆಸರು ಹಳದಿ ಬಣ್ಣಕ್ಕೆ ತಿರುಗುತ್ತೆ. ಆಮೇಲೆ ಮರ್ಸಿ ಒತ್ತಿದರೆ ಜಗಳ ಮುಗೀತು, ಯಾರೂ ಸಾಯಲಿಲ್ಲ. ದುಡ್ಡು ಸಿಗುತ್ತೆ, ಎಕ್ಸ್‌ಪಿ ಮಾತ್ರ ಸೊನ್ನೆ.

ರಾಕ್ಷಸರ ಜೊತೆ ಮಾತಾಡಿ ಬಗೆಹರಿಸೋದು ಟೋಬಿ ಫಾಕ್ಸ್ ಕಂಡುಹಿಡಿದದ್ದೇನಲ್ಲ. ಜಪಾನಿನ ಮೆಗಾಮಿ ಟೆನ್ಸೆ ಗೇಮ್‌ಗಳಲ್ಲಿ 1987ರಿಂದಲೇ ಅದಿತ್ತು. ಆದರೆ ಅಲ್ಲಿ ಅದೊಂದು ಅನುಕೂಲ. ಮಾತಾಡಿಸಿ ನಿಮ್ಮ ಪಡೆಗೆ ಸೇರಿಸಿಕೊಳ್ತೀರಿ, ಆಮೇಲೆ ಅವರನ್ನೇ ಕರಕೊಂಡು ಇನ್ನೊಬ್ಬರನ್ನು ಹೊಡೆಯಲು ಹೋಗ್ತೀರಿ. ಇಲ್ಲಿ ಹಾಗಿಲ್ಲ.

ಇನ್ನೊಂದು ಅರ್ಧ ಇದೆ, ನನ್ನ ಪ್ರಕಾರ ಅಸಲಿ ಅರ್ಧ ಅದೇ. ಎದುರಾಳಿಯ ಸರದಿ ಬಂದಾಗ ತೆರೆಯ ಮಧ್ಯೆ ಒಂದು ಚೌಕ ಮೂಡುತ್ತೆ. ಅದರೊಳಗೆ ಕೆಂಪು ಹೃದಯ, ಅದು ನೀವು. ಸುತ್ತ ಗುಂಡುಗಳ ಮಳೆ. ಬಾಣದ ಕೀಲಿಗಳಿಂದ ಹೃದಯವನ್ನು ಸರಿಸುತ್ತಾ ತಪ್ಪಿಸಿಕೊಳ್ಳಬೇಕು. ಇದು ತೋಹೋ ಸರಣಿಯಂಥ ಜಪಾನಿನ ಬುಲೆಟ್ ಹೆಲ್ ಗೇಮ್‌ಗಳಿಂದ ಬಂದದ್ದು. ಅಂದರೆ ನೀವು ಕೈಯೆತ್ತದೇ ಇರಬಹುದು, ಎದುರಿನವರು ಎತ್ತೇ ಎತ್ತುತ್ತಾರೆ. ಅವರ ಮನಸ್ಸು ತಿರುಗುವವರೆಗೂ ನೀವು ಆ ಚೌಕದಲ್ಲಿ ಜೀವ ಉಳಿಸಿಕೊಂಡಿರಬೇಕು.

ಒಂದು ಉದಾಹರಣೆ ಹೇಳ್ತೀನಿ. ಶುರುವಲ್ಲೇ ನ್ಯಾಪ್‌ಸ್ಟಾಬ್ಲೂಕ್ ಅಂತ ಒಂದು ಸಪ್ಪೆಮೋರೆ ದೆವ್ವ ಸಿಗುತ್ತೆ. ಅದರ ದಾಳಿ ಏನು ಗೊತ್ತಾ? ಅಳೋದು. ಕಣ್ಣೀರೇ ಗುಂಡು. ನೀವು ಹೊಡೆಯದೆ ಸುಮ್ನೆ ಸಮಾಧಾನ ಮಾಡ್ತಾ ಹೋದರೆ ಆ ಕಣ್ಣೀರು ಕೆಳಗೆ ಬೀಳೋ ಬದಲು ಮೇಲಕ್ಕೆ ಹರಿದು, ತಲೆ ಮೇಲೆ ಒಂದು ಟೋಪಿಯಾಗಿ ನಿಲ್ಲುತ್ತೆ. "ಹೇಗಿದೆ" ಅಂತ ಸಂಕೋಚದಿಂದ ತೋರಿಸುತ್ತೆ, ಪಾಪ. ಗುಂಡು ಬಂದ ಜಾಗದಿಂದಲೇ ಟೋಪಿ ಬಂತು. ಯುದ್ಧದ ವ್ಯವಸ್ಥೆಯೇ ಆ ದೆವ್ವದ ಸ್ವಭಾವ ಹೇಳಿಬಿಟ್ಟಿತು, ಬೇರೆ ಮಾತು ಬೇಕಾಗಲಿಲ್ಲ. ಇನ್ನೊಂದು ನಾಯಿ ಇದೆ, ತಲೆ ಸವರಿದಷ್ಟೂ ಕತ್ತು ಉದ್ದ ಆಗ್ತಾ ಹೋಗುತ್ತೆ. ಬಿಟ್ಟುಬಿಡಲು ಒಂದೆರಡು ಸಲ ಸವರಿದರೆ ಸಾಕು. ಜನ ಐವತ್ತು ಸಲ ಸವರಿದ್ದಾರೆ! ಎಲ್ಲಿಗೆ ಹೋಗಿ ಮುಟ್ಟುತ್ತೆ ನೋಡೋಣ ಅಂತ.

ಸರಿ, ರಂಪಕ್ಕೆ ಬರೋಣ.

ಮೊದಲ ಪೆಟ್ಟು ಬಿದ್ದದ್ದು ಟೊರಿಯೆಲ್ ಹತ್ತಿರ. ನೆಲದಡಿಯ ರಾಕ್ಷಸರ ಲೋಕಕ್ಕೆ ಬಿದ್ದ ಮಗುವನ್ನು, ಅಂದರೆ ನಿಮ್ಮನ್ನು, ಕರಕೊಂಡು ಹೋಗಿ ಪೈ ಮಾಡಿ ಬಡಿಸುವ ತಾಯಿಯಂಥವಳು. ನೀವು ಹೊರಗೆ ಹೋಗ್ತೀನಿ ಅಂದಾಗ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಅಲ್ಲಿ ಮಾತಾಡುವ ಆಯ್ಕೆ ಕೆಲಸ ಮಾಡಲ್ಲ. ಮರ್ಸಿ ಒತ್ತಿದರೂ ಏನೂ ಆಗಲ್ಲ, ಅವಳು ಬಾಯೇ ಬಿಡಲ್ಲ. ಬರೀ ಚುಕ್ಕಿಗಳು. ಆಗ ನಾವೇನು ಮಾಡ್ತೀವಿ? ಪೋಕೆಮಾನ್ ಆಡಿ ಬೆಳೆದವರು ನಾವು. ಮೊದಲು ಸ್ವಲ್ಪ ಹೊಡೆದು ನಿತ್ರಾಣ ಮಾಡೋಣ, ಆಮೇಲೆ ಬಿಡೋಣ ಅಂದುಕೊಳ್ತೀವಿ. ನಾನೂ ಅದನ್ನೇ ಮಾಡಿದೆ. ಪೆಟ್ಟು ಲೆಕ್ಕ ಹಾಕಿ ಹಾಕಿ ಹೊಡೆದೆ. ಇನ್ನೊಂದೇ ಸಣ್ಣ ಪೆಟ್ಟು ಅಂದುಕೊಂಡು ಒತ್ತಿದರೆ ಆ ಪೆಟ್ಟು ಇದ್ದಕ್ಕಿದ್ದಂತೆ ಹತ್ತು ಪಟ್ಟಾಗಿ ಬಿತ್ತು, ಅವಳು ಸತ್ತೇಹೋದಳು. ಅವಳ ಶಕ್ತಿ ಒಂದು ಮಟ್ಟಕ್ಕಿಂತ ಕೆಳಗಿಳಿದಮೇಲೆ ಹೊಡೆದರೆ ಹಾಗೇ ಆಗುತ್ತೆ, ಬೇಕಂತಲೇ ಹಾಗೆ ಬರೆದಿದ್ದಾನೆ ಪುಣ್ಯಾತ್ಮ. ಇನ್ನೊಂದು ಕಡೆ, ನಿಮ್ಮ ಶಕ್ತಿ ತೀರಾ ಕಮ್ಮಿ ಆದಾಗ ಅವಳ ಬೆಂಕಿಯುಂಡೆಗಳು ನಿಮ್ಮನ್ನು ಬಿಟ್ಟು ಪಕ್ಕದಿಂದ ಹೋಗುತ್ತವೆ. ಅವಳಿಗೆ ನಿಮ್ಮನ್ನು ಕೊಲ್ಲುವ ಮನಸ್ಸೇ ಇಲ್ಲ.

ಅವತ್ತು ಪಕ್ಕದಲ್ಲಿ ನಮ್ಮಕ್ಕನ ಮಗ ಕೂತಿದ್ದ, ಎಂಟು ವರ್ಷ. ಶುರುವಿಂದಲೂ "ಚಿಕ್ಕಮ್ಮ, ಬೇಡ, ಹೊಡೀಬೇಡ" ಅಂತಿದ್ದ. ನಾನು "ಸುಮ್ನಿರೋ, ಹಿಂಗೇ ಆಡೋದು" ಅಂದಿದ್ದೆ. ಆಮೇಲೆ ಅವನು ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ನನ್ನ ಮೇಲೆ ದೂರು ಹೇಳಿದ.

ಸರಿ, ಹಳೇ ಸೇವ್ ಹಾಕಿ ಮತ್ತೆ ಆಡಿದೆ. ಈ ಸಲ ಬರೀ ಮರ್ಸಿ, ಮರ್ಸಿ, ಮರ್ಸಿ. ಇಪ್ಪತ್ತಕ್ಕೂ ಜಾಸ್ತಿ ಸಲ ಒತ್ತಬೇಕು. ಒತ್ತುತ್ತಾ ಒತ್ತುತ್ತಾ ಅವಳ ಬಾಯಿಂದ ಒಂದೊಂದೇ ಮಾತು ಹೊರಡುತ್ತೆ. ಬಿಟ್ಟು ಹೊರಗೆ ಬಂದರೆ ಫ್ಲವಿ ಅಂತ ಒಂದು ಹೂವು ಕಾಯ್ತಾ ಇದೆ. ನೀನು ಅವಳನ್ನು ಕೊಂದಿದ್ದೆ, ಪಶ್ಚಾತ್ತಾಪವಾಗಿ ವಾಪಸ್ ಬಂದೆ, ನನಗೆ ಗೊತ್ತು ಅನ್ನುತ್ತೆ! ಗೇಮ್ ಅದನ್ನು ನೆನಪಿಟ್ಟುಕೊಂಡಿದೆ. ನಿಜವಾಗಲೂ ಬೆನ್ನಲ್ಲಿ ಚಳಿ ಬಂತು. ನನ್ನೊಬ್ಬಳಿಗೇ ಅಲ್ಲ, ಆ ವರ್ಷ ಈ ಗೇಮ್ ಆಡಿದ ಲೆಕ್ಕವಿಲ್ಲದಷ್ಟು ಜನ ಹೇಳಿಕೊಂಡ ಕಥೆ ಇದು. ಎಲ್ಲರದ್ದೂ ಒಂದೇ ಥರ: ಹೊಡೆದೆ, ಸತ್ತಳು, ವಾಪಸ್ ಹೋದೆ, ಸಿಕ್ಕಿಬಿದ್ದೆ.

ಹಾಗಂತ ಎಲ್ಲರೂ ಕರಗಿ ನೀರಾಗಲಿಲ್ಲ. ಸಿಟ್ಟಾದವರೂ ಇದ್ದರು. ಅವರ ಮಾತಲ್ಲೂ ಹುರುಳಿದೆ, ಅಭಿಮಾನಿಗಳು ಅದನ್ನು ಕಿವಿ ಮೇಲೆ ಹಾಕಿಕೊಳ್ಳಲೇ ಇಲ್ಲ. ಒಂದು, ಆರ್‌ಪಿಜಿ ಇಷ್ಟಪಡುವವರಲ್ಲಿ ಎಷ್ಟೋ ಜನ ಅದನ್ನು ಇಷ್ಟಪಡೋದೇ ಅಲ್ಲಿ ಕೈಚಳಕ ಬೇಕಿಲ್ಲ ಅಂತ. ಕೂತು ಯೋಚಿಸಿ, ಕಾಫಿ ಕುಡಿದು, ಆಮೇಲೆ ಬಟನ್ ಒತ್ತಬಹುದು. ಅವರನ್ನು ತಂದು ಗುಂಡಿನ ಮಳೆಯಲ್ಲಿ ನಿಲ್ಲಿಸಿದರೆ ರೇಗದೆ ಇರ್ತಾರಾ? ಎರಡು, ಒಂದು ಜೀವಿಯನ್ನು ಹೇಗೆ ಸಮಾಧಾನ ಮಾಡಬೇಕು ಅಂತ ಒಮ್ಮೆ ಗೊತ್ತಾದಮೇಲೆ ಮುಂದಿನ ಸಲ ಅದೇ ಎರಡು ಬಟನ್ ಒತ್ತೋದು. ಅದು ಒಗಟೂ ಅಲ್ಲ, ಕರುಣೆಯೂ ಅಲ್ಲ, ಗುಮಾಸ್ತಿಕೆ.

ಮೂರನೇದು ದೊಡ್ಡದು. ಯಾರನ್ನೂ ಕೊಲ್ಲದಿದ್ದರೆ ನಿಮ್ಮ ಲೆವೆಲ್ ಏರಲ್ಲ. ಶುರುವಲ್ಲಿ 20 ಎಚ್‌ಪಿ, ಅಂದರೆ ಜೀವಶಕ್ತಿ, ಕೊನೆಗೂ ಅದೇ 20. ಎದುರಾಳಿಗಳು ಮಾತ್ರ ಜೋರಾಗ್ತಾ ಹೋಗ್ತಾರೆ. ಅನ್ಡೈನ್ ಅಂತ ಈಟಿ ಹಿಡಿದ ಸೇನಾನಿ ಬರ್ತಾಳಲ್ಲ, ಅವಳ ಯುದ್ಧದಲ್ಲಿ ಹೃದಯ ಹಸಿರಾಗಿ ಇದ್ದಲ್ಲೇ ನಿಂತುಬಿಡುತ್ತೆ. ನಾಲ್ಕು ದಿಕ್ಕಿಂದ ಈಟಿ ಬರುತ್ತೆ, ಬಂದ ಕಡೆಗೆ ಗುರಾಣಿ ತಿರುಗಿಸಬೇಕು. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಎಡಬಾಣದ ಕೀಲಿ ಯಾವಾಗಲೋ ಚಹಾ ಚೆಲ್ಲಿ ಅಂಟಿಕೊಂಡಿತ್ತು. ಎಡದಿಂದ ಬಂದ ಈಟಿಗಳೆಲ್ಲ ನೇರ ಎದೆಗೆ. ನಲವತ್ತು ಸಲವಾದರೂ ಸತ್ತಿದ್ದೀನಿ. ಇನ್ನೂ ತಮಾಷೆ ಅಂದರೆ, ಮರ್ಸಿಯೊಳಗೆ ಬಿಟ್ಟುಬಿಡುವ ಆಯ್ಕೆ ಅವಳ ಹತ್ತಿರ ಕೆಲಸವೇ ಮಾಡಲ್ಲ. ಎಷ್ಟು ಒತ್ತಿದರೂ ಅಷ್ಟೇ. ಅಲ್ಲಿ ಮಾಡಬೇಕಾದ್ದು ಓಡಿಹೋಗೋದು! ಹೃದಯ ಕೆಂಪಾದ ಗಳಿಗೆಯಲ್ಲಿ ಕಾಲಿಗೆ ಬುದ್ಧಿ ಹೇಳಬೇಕು. ಅವಳು ಕಬ್ಬಿಣದ ಅಂಗಿ ತೊಟ್ಟು ಅಟ್ಟಿಸಿಕೊಂಡು ಬರ್ತಾಳೆ, ಬಿಸಿ ನಾಡಿಗೆ ಬಂದಾಗ ತಾಪ ತಾಳದೆ ಬೀಳ್ತಾಳೆ. ಪಕ್ಕದಲ್ಲೇ ನೀರಿನ ಕೂಲರ್ ಇದೆ. ಒಂದು ಲೋಟ ನೀರು ತಂದು ಅವಳ ಮೇಲೆ ಹಾಕಬೇಕು. ಅವಳು ಎದ್ದು, ಒಂದು ಸಲ ನೋಡಿ, ಹೊರಟುಹೋಗ್ತಾಳೆ.

ಇದನ್ನು ತಾನಾಗೇ ಕಂಡುಕೊಂಡವರಿಗೆ ಎಂಥ ಖುಷಿಯಾಗಿರಬೇಕು. ನಾನು ಬೇರೆಯವರನ್ನು ಕೇಳಿ ತಿಳಿದೆ. ಎಷ್ಟೋ ಜನ ಅಲ್ಲೇ ರೋಸಿಹೋಗಿ ಫೈಟ್ ಒತ್ತಿ ಅವಳನ್ನು ಮುಗಿಸಿದರು. ಅವರಿಗೆ ನಾನು ಬೈಯಲ್ಲ.

ಜನ ಈ ಗೇಮ್‌ನ ನೀತಿ ಬಗ್ಗೆ ಜಗಳ ಆಡಿದರು, ಕಥೆ ಬಗ್ಗೆ ಆಡಿದರು. ನನ್ನ ಲೆಕ್ಕದಲ್ಲಿ ಜಗಳದ ಬೇರು ಇದ್ದದ್ದು ಬೆರಳಲ್ಲಿ. ಮರ್ಸಿ ಅನ್ನೋದು ಸುಮ್ನೆ "ಒಳ್ಳೆಯವನಾಗು, ಕೆಟ್ಟವನಾಗು" ಅಂತ ಎರಡು ಸಾಲು ತೋರಿಸಿ ಆರಿಸಿಕೊಳ್ಳಲು ಹೇಳುವ ಆಯ್ಕೆ ಆಗಿದ್ದಿದ್ದರೆ ಇಷ್ಟು ಸದ್ದಾಗುತ್ತಿರಲಿಲ್ಲ, ಅಂಥವು ಬೇಕಾದಷ್ಟು ಗೇಮ್‌ಗಳಲ್ಲಿವೆ. ಇಲ್ಲಿ ಹೊಡೆಯದೆ ಇರೋದಕ್ಕೆ ಮೈ ಬಗ್ಗಿಸಬೇಕು. ಎದುರಿನವರು ಹೊಡೀತಾ ಇರುವಾಗ ಹತ್ತು ಸುತ್ತು ಸುಮ್ಮನೆ ತಪ್ಪಿಸಿಕೊಂಡು ನಿಂತವನಿಗೆ ಒಂದು ಹೆಮ್ಮೆ ಬರುತ್ತೆ, ನಾನು ದುಡಿದು ಸಂಪಾದಿಸಿದ್ದು ಅಂತ. ಆ ಹೆಮ್ಮೆಯೇ ಆಮೇಲೆ ಕೆಟ್ಟದ್ದಕ್ಕೂ ತಿರುಗಿತು.

ಹೇಗೆ ಅಂತೀರಾ? ಯಾರೋ ಮೊದಲ ಸಲ ಈ ಗೇಮ್ ಆಡೋದನ್ನು ಲೈವ್ ಹಾಕುತ್ತಾರೆ. ಗೊತ್ತಿಲ್ಲದೆ ಒಂದು ಕಪ್ಪೆಯನ್ನು ಹೊಡೆಯುತ್ತಾರೆ. ಶುರು! "ಕೊಲೆಗಾರ", "ತಪ್ಪು ಆಡ್ತಿದ್ದೀಯ", "ಮೊದಲಿಂದ ಶುರು ಮಾಡು". ಯುದ್ಧದ ಗುಟ್ಟುಗಳನ್ನು ಮೊದಲೇ ಒದರಿಬಿಡೋದು ಬೇರೆ. ಟೊರಿಯೆಲ್ ಹತ್ತಿರ ನನಗೆ ಬಿದ್ದ ಪೆಟ್ಟು ಬಿದ್ದದ್ದೇ ನನಗೆ ಏನೂ ಗೊತ್ತಿರದ ಕಾರಣಕ್ಕೆ. ಅದನ್ನೇ ಇವರು ಹೊಸಬರಿಂದ ಕಸಿದುಕೊಂಡರು. ಯಾರಿಗೂ ನೋವು ಮಾಡಬೇಡ ಅನ್ನೋ ಗೇಮ್‌ನ ಅಭಿಮಾನಿಗಳು ಹೊಸಬರ ಮೇಲೆ ಮುಗಿಬಿದ್ದರು. ಅಂಡರ್‌ಟೇಲ್ ಅಂದರೆ ಇವತ್ತಿಗೂ ಎಷ್ಟೋ ಜನಕ್ಕೆ ಗೇಮ್‌ಗಿಂತ ಮೊದಲು ಅದರ ಅಭಿಮಾನಿಗಳ ಕಾಟ ನೆನಪಾಗುತ್ತೆ. 2015ರ ಡಿಸೆಂಬರ್‌ನಲ್ಲಿ ಗೇಮ್‌ಫ್ಯಾಕ್ಸ್ ಅನ್ನೋ ಗೇಮ್ ಜಾಲತಾಣದವರು ಎಲ್ಲಕ್ಕಿಂತ ಒಳ್ಳೆಯ ಗೇಮ್ ಯಾವುದು ಅಂತ ಮತದಾನ ನಡೆಸಿದರು. ಬಂದು ಮೂರು ತಿಂಗಳಾಗಿದ್ದ ಈ ಗೇಮ್ ಹಳೇ ಘಟಾನುಘಟಿಗಳನ್ನೆಲ್ಲ ಹಿಂದೆ ಹಾಕಿ ಗೆದ್ದುಬಿಟ್ಟಿತು. ಆಮೇಲೆ ಕೇಳಬೇಕಾ, ಅದನ್ನು ಆಡದವರೂ ದ್ವೇಷಿಸಲು ಶುರುಮಾಡಿದರು.

ಹಾಂ, ಒಂದು ಮರೆತಿದ್ದೆ. 2016ರಲ್ಲಿ ಒಬ್ಬ ಯೂಟ್ಯೂಬರ್ ಪೋಪ್ ಫ್ರಾನ್ಸಿಸ್ ಅವರಿಗೆ ಈ ಗೇಮ್ ಅನ್ನೇ ಉಡುಗೊರೆ ಕೊಟ್ಟುಬಂದರು. 2022ರಲ್ಲಿ ಅದೇ ಪೋಪ್ ಎದುರು ಸರ್ಕಸ್ಸಿನವರು ಕಸರತ್ತು ಮಾಡುವಾಗ ಹಿನ್ನೆಲೆಯಲ್ಲಿ ಇದರದ್ದೇ ಯುದ್ಧದ ಸಂಗೀತ ಮೊಳಗಿತು. ಅದೂ ಎಂಥಾ ಯುದ್ಧದ್ದು ಗೊತ್ತಾ, ಎಲ್ಲರನ್ನೂ ಕೊಂದು ಬಂದವರಿಗೆ ಮಾತ್ರ ಸಿಗುವ ಯುದ್ಧದ್ದು. ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ ಬಿಡಿ.

ಆ ಯುದ್ಧಕ್ಕೇ ಬರೋಣ. ಅಭಿಮಾನಿಗಳು ಜೆನೊಸೈಡ್ ಅಂತ ಕರೆಯುವ ಒಂದು ದಾರಿ ಇದೆ. ಸಿಕ್ಕವರನ್ನು ಕೊಂದರೆ ಸಾಲದು, ಹುಡುಕಿಕೊಂಡು ಹೋಗಿ ಕೊಲ್ಲಬೇಕು. ಮೊದಲ ಜಾಗದಲ್ಲಿ 20, ಹಿಮದೂರಿನಲ್ಲಿ 16, ಜಲಪಾತದ ಕಡೆ 18, ಆಮೇಲೆ 40. ಅತ್ತಿಂದಿತ್ತ ತಿರುಗಾಡಿ ಒಬ್ಬೊಬ್ಬರನ್ನೇ ಮುಗಿಸಿ, ಕೊನೆಗೆ ಯುದ್ಧ ಶುರುವಾದರೆ ಎದುರಿಗೆ ಯಾರೂ ಇರಲ್ಲ. ಯಾರೂ ಬರಲಿಲ್ಲ ಅಂತ ಪುಟ್ಟ ಅಕ್ಷರದಲ್ಲಿ ಒಂದು ಸಾಲು ಬರುತ್ತೆ, ಅಷ್ಟೇ. ಎಕ್ಸ್‌ಪಿ ಅಂದರೆ ಅನುಭವ ಅಲ್ಲ, ಎಕ್ಸಿಕ್ಯೂಷನ್ ಪಾಯಿಂಟ್ಸ್ ಅಂತ ಗೇಮ್‌ನಲ್ಲೇ ಬಿಡಿಸಿ ಹೇಳ್ತಾರೆ. ಎಷ್ಟು ಕೊಂದಿದ್ದೀರಿ ಅನ್ನೋ ಲೆಕ್ಕ. ಮೂವತ್ತು ವರ್ಷದಿಂದ ನಾವು ಖುಷಿಖುಷಿಯಾಗಿ ಕೂಡಿಸಿಕೊಂಡು ಬಂದದ್ದು ಅದನ್ನೇ ಅಲ್ವಾ.

ಈ ದಾರಿಯ ಕೊನೆಯಲ್ಲಿ ಸ್ಯಾನ್ಸ್ ನಿಂತಿರ್ತಾನೆ. ಗೇಮ್ ಪೂರ್ತಿ ಸೋಮಾರಿಯಾಗಿ ಜೋಕ್ ಹೇಳಿಕೊಂಡಿದ್ದ ಅಸ್ಥಿಪಂಜರ. ಅವನು ಯುದ್ಧದ ಎಲ್ಲ ಮರ್ಯಾದೆ ಮುರೀತಾನೆ. ನಿಮ್ಮ ಸರದಿಗೂ ಮೊದಲೇ ಹೊಡೀತಾನೆ. ನೀವು ಹೊಡೆದರೆ ಪಕ್ಕಕ್ಕೆ ಸರೀತಾನೆ. ಆರ್‌ಪಿಜಿಯಲ್ಲಿ ಯಾರಪ್ಪಾ ಪಕ್ಕಕ್ಕೆ ಸರೀತಾರೆ! ನೀವು ಮೆನು ನೋಡ್ತಾ ಇದ್ದರೆ ಮೆನು ಮೇಲೂ ಮೂಳೆ ಎಸೀತಾನೆ. ನಡುವೆ ಒಮ್ಮೆ ರಾಜಿಗೆ ಬಾ ಅಂತ ಕರೀತಾನೆ. ನಂಬಿ ಮರ್ಸಿ ಒತ್ತಿದಿರೋ, ಸತ್ತಿರಿ. ಕೊನೆಗೆ ತನ್ನ ವಿಶೇಷ ದಾಳಿ ಅಂದರೆ ಏನೂ ಮಾಡದೇ ಇರೋದು ಅಂತ ಹೇಳಿ ತನ್ನ ಸರದಿಯನ್ನು ಮುಗಿಸದೆ ಹಾಗೇ ನಿಂತುಬಿಡ್ತಾನೆ. ಅವನು ತೂಕಡಿಸುವವರೆಗೆ ಕಾದು, ಚೌಕವನ್ನು ತಳ್ಳಿಕೊಂಡು ಹೋಗಿ ಫೈಟ್ ಬಟನ್ ಮುಟ್ಟಬೇಕು.

ಇದಕ್ಕೆ ಅಭಿಮಾನಿಗಳು ಏನು ಮಾಡಿದರು? ಮುಗಿಬಿದ್ದು ಆಡಿದರು. ಬರೀ ಈ ಒಂದು ಯುದ್ಧವನ್ನೇ ಬ್ರೌಸರ್‌ನಲ್ಲಿ ಆಡೋ ಹಾಗೆ ತಾವೇ ಮಾಡಿಕೊಂಡರು. ಒಂದು ಪೆಟ್ಟೂ ತಿನ್ನದೆ ಗೆದ್ದು ವಿಡಿಯೋ ಹಾಕಿದರು. ಮಾಡಬೇಡ ಅಂತ ಗೇಮ್ ಹೇಳಿದ ಜಾಗದಲ್ಲೇ ಗೇಮ್‌ನ ಅತಿ ಒಳ್ಳೆಯ ಯುದ್ಧ ಇದೆ, ಬಿಡ್ತಾರಾ? ಟೋಬಿ ಫಾಕ್ಸ್‌ಗೂ ಇದು ಗೊತ್ತಿತ್ತು ಅನ್ಸುತ್ತೆ. ನೀನು ಇದನ್ನೆಲ್ಲ ಮಾಡ್ತಿರೋದು ಮಾಡೋಕೆ ಆಗುತ್ತೆ ಅನ್ನೋ ಒಂದೇ ಕಾರಣಕ್ಕೆ ಅಂತ ಸ್ಯಾನ್ಸ್ ಕೈಲೇ ಹೇಳಿಸಿದ್ದಾನೆ. ತಾವು ಮಾಡದೆ ಬೇರೆಯವರು ಕೊಲ್ಲೋದನ್ನು ವಿಡಿಯೋದಲ್ಲಿ ನೋಡ್ತಾ ಕೂತವರನ್ನೂ ಫ್ಲವಿ ಒಂದು ಕಡೆ ಚುಚ್ಚುತ್ತೆ. ನಾನು ಸ್ಯಾನ್ಸ್ ಯುದ್ಧ ನೋಡಿದ್ದು ಹಾಗೇ, ರಾತ್ರಿ ಹನ್ನೊಂದಕ್ಕೆ ಹೊದ್ದುಕೊಂಡು ಫೋನಿನಲ್ಲಿ. ಆ ಮಾತು ಬಂದಾಗ ಫೋನು ಕೆಳಗಿಟ್ಟೆ. ಎರಡು ನಿಮಿಷ ಬಿಟ್ಟು ಮತ್ತೆ ಎತ್ತಿಕೊಂಡೆ.

ಈ ದಾರಿ ಮುಗಿಸಿದವರ ಮುಂದಿನ ಆಟಗಳೂ ಕೆಡುತ್ತವೆ. ಆಮೇಲೆ ಎಷ್ಟೇ ಒಳ್ಳೆಯವರಾಗಿ ಆಡಿದರೂ ಸುಖಾಂತ್ಯದಲ್ಲಿ ಒಂದು ಕಲೆ ಉಳಿಯುತ್ತೆ. ಅಭಿಮಾನಿಗಳು ಅದಕ್ಕೂ ದಾರಿ ಹುಡುಕಿದರು. ಕಂಪ್ಯೂಟರಿನಲ್ಲಿ ಗೇಮ್ ಬಚ್ಚಿಟ್ಟ ಎರಡು ಪುಟ್ಟ ಫೈಲ್ ಇವೆ, 962 ಮತ್ತು 963 ಅಂತ ಕೊನೆಯಾಗುವ ಹೆಸರಿನವು. ಅವನ್ನು ಅಳಿಸಿದರೆ ಪಾಪ ತೊಳೆದುಹೋಯಿತು. ಅಳಿಸಬಹುದಾ ಅಳಿಸಬಾರದಾ ಅಂತ ಮತ್ತೆ ಜಗಳ! ಒಂದು ವಿಡಿಯೋ ಗೇಮ್ ವಿಷಯದಲ್ಲಿ ಪ್ರಾಯಶ್ಚಿತ್ತದ ಚರ್ಚೆ ಆಗಿದ್ದನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಮುಂದಿನ ಗೇಮ್ ಡೆಲ್ಟರೂನ್, 2018ರಿಂದ ಕಂತುಗಳಲ್ಲಿ ಬರ್ತಾ ಇದೆ. ಮೂರು ಮತ್ತು ನಾಲ್ಕನೇ ಅಧ್ಯಾಯ 2025ರ ಜೂನ್‌ನಲ್ಲಿ ಬಂದವು. ಅಲ್ಲಿ ನೀವು ಒಬ್ಬರೇ ಅಲ್ಲ, ತಂಡ ಇದೆ. ಮೊದಲ ಅಧ್ಯಾಯದಲ್ಲಿ ಸೂಸಿ ಅನ್ನೋ ಹುಡುಗಿ ನಿಮ್ಮ ಮಾತೇ ಕೇಳಲ್ಲ, ಸಿಕ್ಕವರಿಗೆಲ್ಲ ಕೊಡಲಿ ಬೀಸ್ತಾಳೆ. ಅವಳನ್ನು ತಡೆಯಲಾಗಲ್ಲ, ಎದುರಾಳಿಗೇ "ನೋಡ್ಕೊಳ್ರಪ್ಪಾ, ಇವಳು ಹೊಡೀತಾಳೆ" ಅಂತ ಎಚ್ಚರಿಸಬೇಕು. ನನಗೆ ಇದು ಮರ್ಸಿ ಬಟನ್‌ಗಿಂತ ಇಷ್ಟವಾಯಿತು. ಮನೆಯಲ್ಲಿ ಒಬ್ಬರಾದರೂ ಸೂಸಿ ಇರ್ತಾರಲ್ಲ. ಆದರೆ ಗುಂಡಿಗೆ ಎದೆ ತಾಗುವಷ್ಟು ಹತ್ತಿರದಿಂದ ಸವರಿಕೊಂಡು ಹೋದರೆ ಅಲ್ಲಿ ಅಂಕ ಸಿಗುತ್ತೆ, ಕೈ ಚುರುಕಿಲ್ಲದವರ ಗೋಳು ಹಾಗೇ ಉಳಿಯಿತು.

ಇಷ್ಟು ಹೇಳಿ ನಿಲ್ಲಿಸಿದೆ. ಪ್ರಶ್ನೆಗಳಿದ್ದವು, ಹೆಚ್ಚಿನವು ಡೆಲ್ಟರೂನ್ ಯಾವಾಗ ಮುಗಿಯುತ್ತೆ ಅನ್ನೋದರ ಬಗ್ಗೆ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೈಯೆತ್ತಿದ. "ಅಕ್ಕ, ಸ್ಯಾನ್ಸ್ ಯುದ್ಧ ಫೋನಲ್ಲಿ ನೋಡಿದೆ ಅಂದ್ರಲ್ಲ, ಆ ದಾರಿ ನೀವು ಆಡೋಕೆ ಶುರುನೇ ಮಾಡಲಿಲ್ವಾ?" ಅಂದ.

ಮಾಡಿದ್ದೆ. ಅದೇ ಎಡಬಾಣ ಅಂಟಿಕೊಂಡ ಲ್ಯಾಪ್‌ಟಾಪಿನಲ್ಲಿ, ಅಕ್ಕನ ಮಗ ಇಲ್ಲದ ಹೊತ್ತು ನೋಡಿಕೊಂಡು. ಆ ದಾರಿಯಲ್ಲಿ ಸೇವ್ ಮಾಡುವ ಜಾಗ ಮುಟ್ಟಿದರೆ ಇನ್ನೂ ಎಷ್ಟು ಜನ ಉಳಿದಿದ್ದಾರೆ ಅಂತ ಕೆಂಪು ಅಕ್ಷರದಲ್ಲಿ ಬರುತ್ತೆ. ಜಲಪಾತದ ಹತ್ತಿರ ನಿಲ್ಲಿಸಿದವಳು ಮತ್ತೆ ತೆರೆದಿಲ್ಲ. 11 ಉಳಿದಿದ್ದಾರೆ. ಲ್ಯಾಪ್‌ಟಾಪ್ ಅಟ್ಟದ ಮೇಲಿದೆ.